ಭೂಮಿಯೊಳಕ್ಕೆ ಕೂಗಿದರೆ...



ಕಳೆದ ತಿಂಗಳು ಅಟ್ಟದ ಮೇಲಿದ್ದ ಹಳೆಯ ಪುಸ್ತಕಗಳ ಗಂಟನ್ನು ಬಿಚ್ಚಿ ಧೂಳು ಕೊಡಹುತ್ತಿದ್ದಾಗ 1974ರ ನನ್ನ ಪಾಠಟಿಪ್ಪಣಿಯ ಪುಸ್ತಕವೊಂದು ಕೈಗೆ ಸಿಕ್ಕಿತು. ಜನವರಿ ತಿಂಗಳ ಒಂದು ಪುಟದಲ್ಲಿ ‘ಒಂಬತ್ತನೆಯ ತರಗತಿ, ಪ್ರತಿಧ್ವನಿ, ಮಕ್ಕಳನ್ನು ಬಂಡೆಯ ಬಳಿಗೆ ಕರೆದೊಯ್ಯುವುದು’ ಎಂದು ನೀಲಿ ಶಾಯಿಯಲ್ಲಿ ಬರೆದಿದ್ದೆ. ಆ ದಿನದ ನೆನಪು ನಿಮ್ಮಲ್ಲಿ ಕೆಲವರಿಗಾದರೂ ಇದ್ದೀತು. ಶಾಲೆಯ ಹಿಂದಿನ ಗುಡ್ಡದ ಬಂಡೆಯೆದುರು ನಿಂತು ಎಲ್ಲರೂ ತಂತಮ್ಮ ಹೆಸರನ್ನು ಕೂಗಿ, ಬಂಡೆ ಅದನ್ನು ಹಿಂದಿರುಗಿಸಿದಾಗ ಕುಣಿದಾಡಿದಿರಿ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರು, ಪ್ರತಿಧ್ವನಿ ಬೇರೆಯಾಗಿ ಕೇಳಬೇಕಾದರೆ ಬಂಡೆ ಕನಿಷ್ಠ 17 ಮೀಟರು ದೂರವಿರಬೇಕು ಎಂಬ ಲೆಕ್ಕವನ್ನು ಅಲ್ಲಿಯೇ ಹೇಳಿಕೊಟ್ಟೆ.

ಹಿಂದಿರುಗುವಾಗ, ಸದಾ ಕೊನೆಯ ಬೆಂಚಿನಲ್ಲಿ ಮೌನವಾಗಿ ಕುಳಿತಿರುತ್ತಿದ್ದ ಹುಡುಗನೊಬ್ಬ ನನ್ನ ಪಕ್ಕಕ್ಕೆ ಬಂದು ಕೇಳಿದ: “ಸಾರ್, ಬಂಡೆಗೆ ಕೂಗಿದರೆ ದನಿ ವಾಪಸ್ಸು ಬಂತು. ನೆಲದೊಳಕ್ಕೆ ಕೂಗಿದರೆ ಬರುತ್ತದೆಯೇ?”

ನಾನು ಬಾಯಿ ತೆರೆಯುವ ಮೊದಲೇ ಇನ್ನೊಬ್ಬ, “ಪಾತಾಳದಿಂದ ಬಲಿಚಕ್ರವರ್ತಿ ಓಗೊಡುತ್ತಾನೆ ಬಿಡೋ” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಹುಡುಗ ತಲೆ ತಗ್ಗಿಸಿದ. ಆ ವರ್ಷವೆಲ್ಲ ಅವನು ಮತ್ತೊಂದು ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ.

ಮಗುವಿನ ಪ್ರಶ್ನೆಗೆ ಉತ್ತರ ತಿಳಿಯದಿರುವುದು ಶಿಕ್ಷಕನಿಗೆ ದೋಷವಲ್ಲ. ನಕ್ಕದ್ದು ದೋಷ. ಅದಕ್ಕಿಂತಲೂ ನನ್ನನ್ನು ಈಗ ಕಾಡುವ ಸಂಗತಿಯೆಂದರೆ, ಆ ಹುಡುಗ ಕೇಳಿದ ಪ್ರಶ್ನೆಯನ್ನೇ ಹಿಡಿದುಕೊಂಡು ಅದೇ ವರ್ಷಗಳಲ್ಲಿ ವಿಜ್ಞಾನಿಗಳ ತಂಡವೊಂದು ನಮ್ಮ ಕರ್ನಾಟಕದ ನೆಲದ ಮೇಲೆಯೇ ಸಿಡಿಮದ್ದು ಹೂತು, ಕಿವಿಗೊಟ್ಟು ಕುಳಿತಿತ್ತು! ನಿವೃತ್ತಿಯ ನಂತರವಷ್ಟೇ ನನಗೆ ಇದು ತಿಳಿಯಿತು. ಬಾಕಿ ಉಳಿದ ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ದೂರದಿಂದ ಆರಂಭಿಸಬೇಕಾಗುತ್ತದೆ, ಸಹಿಸಿಕೊಳ್ಳಿ.

ನೆಲದಲ್ಲಿ ಅಲೆಯೆಬ್ಬಿಸಿ ಅದರ ವೇಗವನ್ನು ಅಳೆಯುವ ಯತ್ನ ಹಳೆಯದು. 1849ರಲ್ಲಿ ರಾಬರ್ಟ್ ಮ್ಯಾಲೆಟ್ ಎಂಬ ಐರಿಷ್ ಎಂಜಿನಿಯರ್ ಡಬ್ಲಿನ್ ಸಮೀಪದ ಕಡಲತೀರದಲ್ಲಿ ಮದ್ದಿನಪುಡಿಯನ್ನು ಹೂತು ಸಿಡಿಸಿ, ಮರಳಿನಲ್ಲಿ ಕಂಪನ ಎಷ್ಟು ಬೇಗ ಸಾಗುತ್ತದೆಂದು ನೋಡಿದ್ದರು. ಆದರೆ ಅದು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವ ಅಲೆ. ಆಳಕ್ಕಿಳಿದು, ಏನಕ್ಕೋ ಬಡಿದು, ಮೇಲಕ್ಕೆ ಹಿಂದಿರುಗುವ ಅಲೆಯ ವಿಚಾರ ಬೇರೆ. ಅದರ ಹಿಂದೆ ಒಂದು ಹಡಗಿನ ದುರಂತವೂ ಒಂದು ಮಹಾಯುದ್ಧವೂ ಇವೆ.

1912ರಲ್ಲಿ ಟೈಟಾನಿಕ್ ಹಡಗು ಹಿಮಬಂಡೆಗೆ ಬಡಿದು ಮುಳುಗಿದ ಮೇಲೆ, ನೀರಿನೊಳಗೆ ಸದ್ದು ಮಾಡಿ ಮುಂದಿರುವ ಹಿಮಬಂಡೆಯನ್ನು ಮೊದಲೇ ಅರಿಯುವ ಉಪಾಯವನ್ನು ಅನೇಕರು ಹುಡುಕತೊಡಗಿದರು. ಕೆನಡಾದಲ್ಲಿ ಹುಟ್ಟಿದ ರೆಜಿನಾಲ್ಡ್ ಫೆಸೆಂಡೆನ್ 1914ರಲ್ಲಿ ಹಡಗಿನಿಂದ ಇದನ್ನು ಮಾಡಿ ತೋರಿಸಿದರು. ನೀರಿಗೆ ಒಪ್ಪಿದ ವಿದ್ಯೆ ನೆಲಕ್ಕೇಕೆ ಒಪ್ಪಬಾರದು? 1917ರಲ್ಲಿ ನೆಲದೊಳಗಿನ ಅದಿರನ್ನು ಶಬ್ದದ ಅಲೆಗಳಿಂದ ಪತ್ತೆ ಹಚ್ಚುವ ವಿಧಾನಕ್ಕೆ ಅವರು ಪೇಟೆಂಟ್ ಪಡೆದರು.

ಅಷ್ಟರಲ್ಲಿ ಯೂರೋಪು ಮೊದಲ ಮಹಾಯುದ್ಧದಲ್ಲಿ ಬೇಯುತ್ತಿತ್ತು. ದಿಬ್ಬದ ಆಚೆ ಅಡಗಿಸಿಟ್ಟ ಶತ್ರುವಿನ ಫಿರಂಗಿ ಕಣ್ಣಿಗೆ ಕಾಣದು, ಕಿವಿಗೆ ಮಾತ್ರ ಕೇಳುತ್ತದೆ. ಹಲವೆಡೆ ಸದ್ದುಗ್ರಾಹಿಗಳನ್ನಿಟ್ಟು, ಒಂದೊಂದಕ್ಕೂ ಸದ್ದು ತಲುಪಿದ ಕ್ಷಣದ ವ್ಯತ್ಯಾಸದಿಂದ ಫಿರಂಗಿಯ ಸ್ಥಾನವನ್ನು ಲೆಕ್ಕ ಹಾಕುವ ಕೆಲಸಕ್ಕೆ ಭೌತವಿಜ್ಞಾನಿಗಳನ್ನು ನೇಮಿಸಿದರು. ಬ್ರಿಟಿಷರ ಕಡೆ ಈ ಕೆಲಸದ ಹೊಣೆ ಹೊತ್ತವರು ಲಾರೆನ್ಸ್ ಬ್ರ್ಯಾಗ್. ಇಪ್ಪತ್ತೈದರ ಹರೆಯದಲ್ಲಿ ನೊಬೆಲ್ ಪಡೆದ ಬ್ರ್ಯಾಗ್ ಇವರೇ. ಫಿರಂಗಿಯ ನಿಜವಾದ ಸದ್ದು ಕಿವಿಗೆ ಕೇಳದಷ್ಟು ಮಂದ್ರವಾದದ್ದೆಂಬುದು ಅವರಿಗೆ ಹೊಳೆದದ್ದು ಬಿಡಾರದ ಶೌಚಗೃಹದಲ್ಲಿ ಕುಳಿತಿದ್ದಾಗಲಂತೆ. ದೂರದಲ್ಲಿ ಫಿರಂಗಿ ಹಾರಿದಾಗಲೆಲ್ಲ ಕೊಳವೆಯ ಮೂಲಕ ಒತ್ತಿಬಂದ ಗಾಳಿ ಅವರನ್ನು ತುಸುವೇ ಮೇಲೆತ್ತುತ್ತಿತ್ತು! ಈ ಪ್ರಸಂಗವನ್ನು ನಾನು ತರಗತಿಯಲ್ಲಿ ಹೇಳಿದ್ದರೆ ಶಬ್ದದ ಪಾಠವನ್ನು ಯಾರೂ ಮರೆಯುತ್ತಿರಲಿಲ್ಲ. ಆಗ ನನಗೂ ತಿಳಿದಿರಲಿಲ್ಲ.

ಅಮೆರಿಕ ಯುದ್ಧಕ್ಕಿಳಿದಾಗ ಅಲ್ಲಿನ ಬ್ಯೂರೋ ಆಫ್ ಸ್ಟಾಂಡರ್ಡ್ಸ್ ಸಂಸ್ಥೆಯಲ್ಲೂ ಇದೇ ಕೆಲಸ ಆರಂಭವಾಯಿತು. ಅಲ್ಲಿದ್ದವರಲ್ಲಿ ಇಬ್ಬರು ಓಕ್ಲಹೋಮ ವಿಶ್ವವಿದ್ಯಾಲಯದ ಕಡೆಯವರು. ಒಬ್ಬರು ಅಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ವಿಲಿಯಂ ಹೇಸ್‌ಮನ್, ಇನ್ನೊಬ್ಬರು ಅಲ್ಲಿಯೇ ಓದಿ ಪದವಿ ಪಡೆದಿದ್ದ ಕ್ಲಾರೆನ್ಸ್ ಕಾರ್ಚರ್ ಎಂಬ ತರುಣ. ಫಿರಂಗಿಯ ಸದ್ದು ಗಾಳಿಯಲ್ಲಿ ಬರುವಂತೆ ನೆಲದ ಮೂಲಕವೂ ಬರುತ್ತದೆ. ಫಿರಂಗಿಯನ್ನು ಹುಡುಕುವವನಿಗೆ ಇದು ಬೇಡದ ಗದ್ದಲ. ಆದರೆ ಓಕ್ಲಹೋಮ ಎಣ್ಣೆಬಾವಿಗಳ ನಾಡು. ಆ ನಾಡಿನಿಂದ ಬಂದ ಇವರಿಗೆ, ನೆಲದೊಳಗಿನ ಪದರಗಳಿಗೆ ಬಡಿದು ಬರುವ ಅಲೆಗಳಿಂದ ಎಣ್ಣೆಯಿರುವ ಜಾಗವನ್ನು ಗುರುತಿಸಬಹುದಲ್ಲವೇ ಎಂಬ ಯೋಚನೆ ಬಂತು. ಒಬ್ಬನಿಗೆ ಕಸವಾದದ್ದು ಇನ್ನೊಬ್ಬನಿಗೆ ಗೊಬ್ಬರ.

ಇಲ್ಲಿ ತತ್ತ್ವವನ್ನು ಸ್ವಲ್ಪ ವಿವರಿಸಬೇಕು. ಭೂಮಿಯ ಮೇಲ್ಭಾಗದಲ್ಲಿ ಮರಳುಗಲ್ಲು, ಸುಣ್ಣಕಲ್ಲು, ಜೇಡಿಶಿಲೆಗಳ ಪದರಗಳು ಚಾಪೆಯ ಮೇಲೆ ಚಾಪೆ ಹಾಸಿದಂತೆ ಇರುತ್ತವೆ. ಪ್ರತಿ ಶಿಲೆಯಲ್ಲಿ ಅಲೆಯ ವೇಗ ಬೇರೆ, ಶಿಲೆಯ ಸಾಂದ್ರತೆಯೂ ಬೇರೆ. ಇವೆರಡರ ಗುಣಲಬ್ಧ ಎಲ್ಲಿ ಥಟ್ಟನೆ ಬದಲಾಗುತ್ತದೆಯೋ ಆ ಗಡಿಯಲ್ಲಿ ಅಲೆಯ ಒಂದಂಶ ಹಿಂದಿರುಗುತ್ತದೆ, ಉಳಿದದ್ದು ಇನ್ನೂ ಆಳಕ್ಕೆ ಹೋಗಿ ಮುಂದಿನ ಗಡಿಯಲ್ಲಿ ಮತ್ತಿಷ್ಟು ಹಿಂದಿರುಗುತ್ತದೆ. ನಮ್ಮ ಗುಡ್ಡದ ಬಂಡೆ ಒಂದೇ ಸಲ ಉತ್ತರಿಸಿತು. ಭೂಮಿಯಾದರೋ ಒಂದು ಕೂಗಿಗೆ ನೂರು ಉತ್ತರ ಕೊಡುತ್ತದೆ. ಪದರಗಳು ಎಲ್ಲಿಯಾದರೂ ಕಮಾನಿನಂತೆ ಬಾಗಿದ್ದರೆ, ನೀರಿಗಿಂತ ಹಗುರವಾದ ಎಣ್ಣೆ ಮೇಲಕ್ಕೇರಿ ಆ ಕಮಾನಿನ ನೆತ್ತಿಯಲ್ಲಿ ಸಿಕ್ಕಿಕೊಂಡಿರುವ ಸಂಭವವುಂಟು. ಸಾಲಾಗಿ ಇಟ್ಟ ಗ್ರಾಹಿಗಳಿಗೆ ಪ್ರತಿಧ್ವನಿ ಬಂದ ಹೊತ್ತನ್ನು ಪಕ್ಕಪಕ್ಕದಲ್ಲಿ ಗುರುತಿಸುತ್ತ ಹೋದರೆ, ಹೂತಿರುವ ಆ ಕಮಾನು ಕಾಗದದ ಮೇಲೆ ಮೂಡುತ್ತದೆ.

ಯುದ್ಧ ಮುಗಿದ ಮೇಲೆ 1921ರಲ್ಲಿ ಹೇಸ್‌ಮನ್, ಕಾರ್ಚರ್ ಹಾಗೂ ಓರ್ನ್ ಮತ್ತು ಪೆರಿನ್ ಎಂಬ ಇಬ್ಬರು ಭೂವಿಜ್ಞಾನಿಗಳು ಸೇರಿ ಪುಟ್ಟ ಕಂಪನಿಯೊಂದನ್ನು ಕಟ್ಟಿದರು. ಆ ವರ್ಷದ ಜೂನ್ 4ರಂದು ಓಕ್ಲಹೋಮ ನಗರದ ಬೆಲ್ ಐಲ್ ಎಂಬಲ್ಲಿ ಮೊದಲ ಪರೀಕ್ಷೆ ನಡೆಯಿತು. ನನಗೆ ಹೆಚ್ಚು ಮೆಚ್ಚಿಕೆಯಾಗುವುದು ಆಗಸ್ಟ್ ತಿಂಗಳಲ್ಲಿ ಅವರು ನಡೆಸಿದ ಮುಂದಿನ ಪರೀಕ್ಷೆ. ಅದಕ್ಕೆ ಅವರು ಆರಿಸಿದ್ದು ಎಣ್ಣೆಯಿರುವ ಜಾಗವನ್ನಲ್ಲ, ಉತ್ತರ ಮೊದಲೇ ಗೊತ್ತಿದ್ದ ಜಾಗವನ್ನು. ಆರ್ಬಕಲ್ ಗುಡ್ಡಗಳ ವೈನ್ಸ್ ಬ್ರಾಂಚ್ ಎಂಬಲ್ಲಿ ವಯೋಲ ಎಂಬ ಸುಣ್ಣಕಲ್ಲಿನ ಪದರ ಒಂದೆಡೆ ನೆಲದ ಮೇಲೆಯೇ ಕಾಣಿಸಿಕೊಂಡು, ಅಲ್ಲಿಂದ ಓರೆಯಾಗಿ ಜೇಡಿಶಿಲೆಯ ಕೆಳಗೆ ಇಳಿದುಹೋಗುತ್ತದೆ. ಎಷ್ಟು ಓರೆಯೆಂಬುದನ್ನು ಭೂವಿಜ್ಞಾನಿಗಳು ಬಲ್ಲರು. ಡೈನಮೈಟನ್ನು ಸಿಡಿಸಿ, ಪ್ರತಿಧ್ವನಿಯ ಲೆಕ್ಕದಿಂದ ಬಂದ ಚಿತ್ರವೂ ಹಾಗೆಯೇ ಓರೆಯಾಗಿ ಇಳಿಯುತ್ತದೆಯೇ ಎಂದು ನೋಡಿದರು. ಇಳಿಯಿತು. ಪ್ರತಿಫಲಿತ ಅಲೆಗಳಿಂದ ಬರೆದ ಭೂಪದರದ ಮೊದಲ ಚಿತ್ರವೆಂದು ಅದನ್ನು ಗಣಿಸುತ್ತಾರೆ. ಹೊಸ ತಕ್ಕಡಿಯನ್ನು ತೂಕ ಗೊತ್ತಿರುವ ಬಟ್ಟಿನಿಂದಲೇ ಪರೀಕ್ಷಿಸಬೇಕೆಂಬುದು ನಮ್ಮ ಸಂತೆಯ ವ್ಯಾಪಾರಿಗೂ ಗೊತ್ತಿರುವ ಮಾತು. ಆದರೂ ಆತುರದಲ್ಲಿ ಎಷ್ಟೋ ಮಂದಿ ಅದನ್ನು ಮರೆಯುತ್ತಾರೆ.

ವಿದ್ಯೆ ಗೆದ್ದಿತು, ಕಂಪನಿ ಸೋತಿತು. ಅದೇ ವರ್ಷ ಎಣ್ಣೆಯ ಬೆಲೆ ಕುಸಿಯಿತು. ಇರುವ ಎಣ್ಣೆಯನ್ನೇ ಕೊಳ್ಳುವವರಿಲ್ಲದಾಗ ಹೊಸದನ್ನು ಹುಡುಕಲು ಹಣ ಕೊಡುವವರು ಯಾರು? ಕಂಪನಿ ಮುಚ್ಚಿತು. ಕಾರ್ಚರ್ ಬೇರೆ ಉದ್ಯೋಗಕ್ಕೆ ಸೇರಿ ಸಮುದ್ರದಡಿಯ ತಂತಿಯ ಕೆಲಸದಲ್ಲಿ ತೊಡಗಿದರು. ಜರ್ಮನಿಯ ಲುಡ್ಗರ್ ಮಿಂಟ್ರಾಪ್ ಎಂಬವರ ತಂಡ ಈ ನಡುವೆ ಅಮೆರಿಕಕ್ಕೆ ಬಂದು, ಪ್ರತಿಫಲನವನ್ನಲ್ಲದೆ ಬಾಗಿ ಸಾಗುವ ವಕ್ರೀಭವಿತ ಅಲೆಗಳನ್ನು ಬಳಸಿ, 1924ರಲ್ಲಿ ಟೆಕ್ಸಸ್‌ನಲ್ಲಿ ಹೂತಿದ್ದ ಉಪ್ಪಿನ ಗುಮ್ಮಟವೊಂದನ್ನು ಪತ್ತೆ ಹಚ್ಚಿತು. ಆಗ ಎಣ್ಣೆಯ ಧಣಿಗಳಿಗೆ ಎಚ್ಚರವಾಯಿತು. 1925ರಲ್ಲಿ ಎವರೆಟ್ ಡಿಗಾಲ್ಯರ್ ಎಂಬ ಭೂವಿಜ್ಞಾನಿ ಕಾರ್ಚರ್ ಅವರನ್ನು ಮರಳಿ ಕರೆಸಿ ಹೊಸ ಸಂಸ್ಥೆಯೊಂದನ್ನು ಕಟ್ಟಿಸಿದರು. ಕೊನೆಗೆ 1928ರ ಡಿಸೆಂಬರಿನಲ್ಲಿ, ಪ್ರತಿಧ್ವನಿ ತೋರಿದ ಜಾಗದಲ್ಲಿಯೇ ಓಕ್ಲಹೋಮದ ಸೆಮಿನೋಲ್ ಪ್ರದೇಶದಲ್ಲಿ ಕೊರೆದ ಬಾವಿಯಲ್ಲಿ ಎಣ್ಣೆ ದೊರೆಯಿತು. ಚಿತ್ರಕ್ಕೂ ಬಾವಿಗೂ ನಡುವೆ ಏಳು ವರ್ಷ!

ನಮ್ಮಲ್ಲಿ ತೆಂಗಿನಕಾಯಿಯನ್ನೋ ಬೇವಿನ ಕವಲುಕಡ್ಡಿಯನ್ನೋ ಹಿಡಿದು ಬೋರ್‌ವೆಲ್ಲಿಗೆ ಜಾಗ ತೋರಿಸುವವರಿದ್ದಾರಲ್ಲ, ಅಂತಹವರು ಅಮೆರಿಕದ ಎಣ್ಣೆನಾಡಿನಲ್ಲೂ ಇದ್ದರು. ಅವರಿಗೆ ಅಲ್ಲಿನ ಜನ ಇಟ್ಟಿದ್ದ ಗೇಲಿಯ ಹೆಸರೇ ಮುಂದೆ ಈ ಸಿಡಿಮದ್ದಿನ ತಂಡಗಳಿಗೂ ಅಂಟಿಕೊಂಡಿತು. ನಮ್ಮ ಹುಡುಗನನ್ನು ನೋಡಿ ನಕ್ಕವರು ನಾವಷ್ಟೇ ಅಲ್ಲ ಎಂಬ ಸಮಾಧಾನ ಇದರಿಂದ ನನಗೇನೂ ಆಗುವುದಿಲ್ಲ.

ಕಾರ್ಚರ್ ಅವರ ಕಥೆಗೆ ನಮ್ಮ ಬೆಂಗಳೂರಿನವರೆಗೆ ಚಾಚಿದ ಬಾಲವೊಂದಿದೆ. 1930ರಲ್ಲಿ ಅವರು ಯೂಜೀನ್ ಮೆಕ್‌ಡರ್ಮಟ್ ಅವರೊಡನೆ ಜಿಯೊಫಿಸಿಕಲ್ ಸರ್ವಿಸ್ ಎಂಬ ಕಂಪನಿಯನ್ನು ಸ್ಥಾಪಿಸಿದರು. ನೆಲದ ಪಿಸುಮಾತನ್ನು ಹಿಡಿಯುವ ಸೂಕ್ಷ್ಮ ಉಪಕರಣಗಳನ್ನು ತಾವೇ ತಯಾರಿಸುತ್ತ ತಯಾರಿಸುತ್ತ, ಅವರ ನಂತರ ಬಂದವರು ವಿದ್ಯುನ್ಮಾನದ ಕಡೆಗೆ ಹೊರಳಿದರು. 1951ರಲ್ಲಿ ಅದರ ಹೆಸರು ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಎಂದಾಯಿತು. 1958ರಲ್ಲಿ ಜ್ಯಾಕ್ ಕಿಲ್ಬಿ ಇಂಟಿಗ್ರೇಟೆಡ್ ಸರ್ಕಿಟನ್ನು ರೂಪಿಸಿದ್ದು ಅಲ್ಲಿಯೇ. ಅದೇ ಕಂಪನಿ 1985ರಲ್ಲಿ ಬೆಂಗಳೂರಿನಲ್ಲಿ ತನ್ನ ಕೇಂದ್ರವನ್ನು ತೆರೆಯಿತು. ನಿಮ್ಮಲ್ಲಿ ಎಷ್ಟೋ ಜನ ಇಂದು ಗಣಕಗಳ ಮುಂದೆ ಕುಳಿತು ಅನ್ನ ದುಡಿಯುತ್ತಿದ್ದೀರಿ. ಬೆಂಗಳೂರಿಗೆ ಆ ಉದ್ಯಮವನ್ನು ತಂದ ಮೊದಲಿಗರಲ್ಲಿ ಒಬ್ಬರ ಬೇರು, ನೆಲಕ್ಕೆ ಕಿವಿಗೊಟ್ಟು ಕುಳಿತವರ ಡೇರೆಯಲ್ಲಿದೆ.

ಇನ್ನು ನಮ್ಮ ದೇಶಕ್ಕೆ ಬರೋಣ. 1956ರಲ್ಲಿ, ಕೇಶವದೇವ ಮಾಲವೀಯರ ಹಟದಿಂದ, ತೈಲ ಮತ್ತು ನೈಸರ್ಗಿಕ ಅನಿಲ ಆಯೋಗ ರೂಪುಗೊಂಡಿತು. ಸೋವಿಯತ್ ತಜ್ಞರ ನೆರವು ದೊರೆಯಿತು. 1960ರಲ್ಲಿ ಗುಜರಾತಿನ ಅಂಕಲೇಶ್ವರದಲ್ಲಿ ಎಣ್ಣೆ ಸಿಕ್ಕ ಮೇಲೆ, ಆ ಪದರಗಳು ಸಮುದ್ರದಡಿಯಲ್ಲೂ ಮುಂದುವರಿದಿರಬೇಕೆಂಬ ಊಹೆ ಬಲವಾಯಿತು. 1964ರಿಂದ 1967ರ ಅವಧಿಯಲ್ಲಿ ‘ಅಕಾಡೆಮಿಕ್ ಅರ್ಖಾಂಗೆಲ್ಸ್ಕಿ’ ಎಂಬ ಸೋವಿಯತ್ ಹಡಗು ನಮ್ಮವರೊಡಗೂಡಿ ಖಂಭಾತ್ ಕೊಲ್ಲಿಯಲ್ಲೂ ಅದರಾಚೆಯ ಕಡಲಲ್ಲೂ ಸಮೀಕ್ಷೆ ನಡೆಸಿತು. ಮುಂಬಯಿಯಿಂದ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರು ದೂರದಲ್ಲಿ, ಕಡಲತಳದ ಅಡಿಯಲ್ಲಿ ಬೃಹತ್ತಾದ ಉಬ್ಬೊಂದು ಆ ಚಿತ್ರಗಳಲ್ಲಿ ಕಾಣಿಸಿತು. ಬಾಂಬೆ ಹೈ ಎಂದರೆ ಅದೇ.

ಚಿತ್ರ ಕೈಯಲ್ಲಿತ್ತು. ಆದರೆ ತೆರೆದ ಕಡಲಿನಲ್ಲಿ ಕೊರೆಯುವ ಸಾಧನವಾಗಲಿ ಅಷ್ಟು ಹಣವಾಗಲಿ ಇರಲಿಲ್ಲ. ಚಿತ್ರವನ್ನು ನಂಬಬಹುದೇ ಎಂಬ ಪ್ರಶ್ನೆಯೂ ಇತ್ತು. ಈ ಸಂಶಯವನ್ನು ಹಗುರವಾಗಿ ಕಾಣಬಾರದು. ಪ್ರತಿಧ್ವನಿ ನಮಗೆ ಕೊಡುವುದು ಆಳವನ್ನಲ್ಲ, ಹೊತ್ತನ್ನು. ಅಲೆ ಹೋಗಿಬರಲು 2 ಸೆಕೆಂಡು ಹಿಡಿಯಿತೆನ್ನಿ. ಶಿಲೆಯಲ್ಲಿ ಅದರ ವೇಗ ಸೆಕೆಂಡಿಗೆ 3000 ಮೀಟರು ಎಂದುಕೊಂಡರೆ ಪದರ 3000 ಮೀಟರು ಆಳದಲ್ಲಿದೆ. ವೇಗ ನಿಜವಾಗಿ 3300 ಆಗಿದ್ದರೆ ಪದರ ಇನ್ನೂ 300 ಮೀಟರು ಕೆಳಗಿದೆ. ಅಲ್ಲದೆ, ಕಮಾನು ಇದೆಯೆಂದು ಪ್ರತಿಧ್ವನಿ ಹೇಳಬಹುದು. ಅದರಲ್ಲಿ ತುಂಬಿರುವುದು ಎಣ್ಣೆಯೋ ಉಪ್ಪುನೀರೋ ಎಂಬುದನ್ನು ಕೊರೆದೇ ನೋಡಬೇಕು. ಕೋಟಿಗಟ್ಟಲೆ ರೂಪಾಯಿಯ ತೂತು!

1973ರ ಕೊನೆಯಲ್ಲಿ ಅರಬ್ ದೇಶಗಳು ಎಣ್ಣೆಯನ್ನು ತಡೆಹಿಡಿದು, ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟು ಏರಿತು. ಜಪಾನಿನಲ್ಲಿ ಕಟ್ಟಿಸಿ ತಂದ ‘ಸಾಗರ್ ಸಾಮ್ರಾಟ್’ ಎಂಬ ಕೊರೆವೇದಿಕೆ ಕಡಲತಳಕ್ಕೆ ಕಾಲೂರಿ ನಿಂತದ್ದು ಆ ಸಂಕಟದ ದಿನಗಳಲ್ಲಿ. 1974ರ ಫೆಬ್ರವರಿಯಲ್ಲಿ ಎಣ್ಣೆ ದೊರೆಯಿತು, 1976ರಲ್ಲಿ ಉತ್ಪಾದನೆ ಆರಂಭವಾಯಿತು. ಆ ಸುದ್ದಿಯನ್ನು ಬೆಳಗಿನ ಪ್ರಾರ್ಥನೆಯ ನಂತರ ನಿಮ್ಮೆಲ್ಲರಿಗೂ ಪತ್ರಿಕೆಯಿಂದ ಓದಿ ಹೇಳಿದವನು ನಾನೇ. ನೀವು ಚಪ್ಪಾಳೆ ತಟ್ಟಿದಿರಿ. ಒಂದು ತಿಂಗಳ ಹಿಂದಷ್ಟೇ ನಾನು ನಕ್ಕು ತಳ್ಳಿಹಾಕಿದ ಪ್ರಶ್ನೆಯೇ ಆ ಎಣ್ಣೆಯನ್ನು ಹುಡುಕಿಕೊಟ್ಟಿತ್ತೆಂಬ ಅರಿವು ಓದುತ್ತಿದ್ದ ನನಗೂ ಇರಲಿಲ್ಲ, ಸಾಲಿನಲ್ಲಿ ನಿಂತಿದ್ದ ಆ ಹುಡುಗನಿಗೂ ಇರಲಿಲ್ಲ.

ಈಗ, ಮೊದಲಲ್ಲಿ ಹೇಳಿದ ನಮ್ಮ ನೆಲದ ಸಂಗತಿ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು, ಆಗ ಸೋವಿಯತ್ ಒಕ್ಕೂಟದಲ್ಲಿದ್ದ ಉಕ್ರೇನಿನ ವಿಜ್ಞಾನಿಗಳ ಸಹಯೋಗದಲ್ಲಿ, 1972ರಿಂದ 1975ರವರೆಗೆ ಆಂಧ್ರದ ಕರಾವಳಿಯ ಕಾವಲಿಯಿಂದ ನಮ್ಮ ಉಡುಪಿಯವರೆಗೆ ಸುಮಾರು 600 ಕಿಲೋಮೀಟರು ಉದ್ದದ ಗೆರೆಯೊಂದರ ಮೇಲೆ ಸಮೀಕ್ಷೆ ನಡೆಸಿದರು. ಪೂರ್ವದ ಕಡಲಿನಿಂದ ಪಶ್ಚಿಮದ ಕಡಲಿಗೆ! ಕಡಪ ಜಲಾನಯನದ ಹಳೆಯ ಶಿಲೆಗಳು, ರಾಮನಗರದ ಹಳೆಯ ಹೆಸರನ್ನೇ ಹೊತ್ತ ಕ್ಲೋಸ್‌ಪೇಟೆ ಗ್ರಾನೈಟ್, ಚಿತ್ರದುರ್ಗದ ಮತ್ತು ಶಿವಮೊಗ್ಗದ ಶಿಲಾಪಟ್ಟಿಗಳು, ಘಟ್ಟ ಇವೆಲ್ಲವನ್ನೂ ಆ ಗೆರೆ ಹಾಯುತ್ತದೆ. ಇಲ್ಲಿ ಹುಡುಕಿದ್ದು ಎಣ್ಣೆಯನ್ನಲ್ಲ. ನಮ್ಮ ಕಗ್ಗಲ್ಲಿನಲ್ಲಿ ಅದೆಲ್ಲಿಂದ ಬರಬೇಕು? ಭೂಮಿಯ ಹೊರಚಿಪ್ಪು ಎಷ್ಟು ದಪ್ಪ, ಅದರೊಳಗೆ ಎಲ್ಲೆಲ್ಲಿ ಬಿರುಕುಗಳಿವೆ ಎಂಬುದನ್ನು.

ಚಿಪ್ಪಿಗೂ ಅದರ ಕೆಳಗಿನ ಮ್ಯಾಂಟಲ್‌ಗೂ ನಡುವಿನ ಗಡಿಯನ್ನು ಕ್ರೊಯೇಷಿಯಾದ ಮೊಹೊರೊವಿಚಿಚ್ ಎಂಬವರು 1909ರ ಭೂಕಂಪವೊಂದರ ಅಲೆಗಳಿಂದ ಮೊದಲು ಅರಿತರು. ಅಷ್ಟುದ್ದದ ಹೆಸರನ್ನು ಉಚ್ಚರಿಸಲಾರದೆ ವಿಜ್ಞಾನಿಗಳು ಅದನ್ನು ಮೋಹೊ ಎನ್ನುತ್ತಾರೆ. ಕಾವಲಿ–ಉಡುಪಿ ಗೆರೆಯಲ್ಲಿ ಸಿಡಿಮದ್ದನ್ನು ಹೂತು ಸಿಡಿಸಿ, ದೂರದೂರದವರೆಗೆ ಗ್ರಾಹಿಗಳನ್ನು ಸಾಲಾಗಿಟ್ಟು, ಬಾಗಿ ಬಂದ ಅಲೆಗಳನ್ನೂ ಮೋಹೊಗೆ ಬಡಿದು ಓರೆಯಾಗಿ ಹಿಂದಿರುಗಿದ ಅಲೆಗಳನ್ನೂ ದಾಖಲಿಸಿದರು. ಎಣ್ಣೆ ಹುಡುಕುವವರ ಪ್ರತಿಧ್ವನಿ ಬಹುಮಟ್ಟಿಗೆ ನೇರ ಮೇಲಿನಿಂದ ಕೇಳಿದ್ದು. ಇದು ಬಾವಿಯ ದಂಡೆಯಿಂದ ದೂರ ಸರಿದು ನಿಂತು ಕೇಳಿದಂತೆ. ಕೆ. ಎಲ್. ಕೈಲಾ, ಹರಿ ನಾರಾಯಣ್ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಚಿಪ್ಪಿನ ದಪ್ಪ ಸುಮಾರು 34ರಿಂದ 41 ಕಿಲೋಮೀಟರು. ಮೋಹೊದವರೆಗೂ ಇಳಿದ ಆಳವಾದ ಸೀಳುಗಳೂ ಕಂಡವು. ಪ್ರಬಂಧ ಅಚ್ಚಾದದ್ದು ಬೆಂಗಳೂರಿನ ಭಾರತೀಯ ಭೂವೈಜ್ಞಾನಿಕ ಸಂಘದ ಪತ್ರಿಕೆಯಲ್ಲಿ. ಕನ್ನಡದಲ್ಲಿ ಭೂವಿಜ್ಞಾನವನ್ನು ಬರೆದ ಬಿ. ಪಿ. ರಾಧಾಕೃಷ್ಣ ಅವರು ದೀರ್ಘಕಾಲ ಸಂಪಾದಿಸಿದ ಪತ್ರಿಕೆ ಅದು.

ಅದು ಕೊನೆಯ ಮಾತಾಗಲಿಲ್ಲ. ದೂರದ ಭೂಕಂಪಗಳ ಅಲೆಗಳನ್ನು ಬಳಸಿ 2000ದ ದಶಕದಲ್ಲಿ ನಡೆದ ಅಧ್ಯಯನಗಳು ಪಶ್ಚಿಮ ಕರ್ನಾಟಕದ ಅಡಿಯಲ್ಲಿ ಚಿಪ್ಪು ಇನ್ನೂ ದಪ್ಪ, ಕೆಲವೆಡೆ 50 ಕಿಲೋಮೀಟರಿಗೂ ಮಿಗಿಲು, ಎಂದು ಹೇಳಿದವು. ಮುಂದೆ ಪೇರೂರು–ಚಿಕ್ಕಮಗಳೂರು ನಡುವೆ ಸುಮಾರು 200 ಕಿಲೋಮೀಟರು ಉದ್ದಕ್ಕೆ, ಈ ಸಲ ನೇರ ಪ್ರತಿಫಲನದ ವಿಧಾನದಿಂದಲೇ, ಹೊಸ ಚಿತ್ರ ತೆಗೆದರು. ಆಳದಲ್ಲಿ ಓರೆಯಾಗಿ ಇಳಿದಿರುವ ಪ್ರತಿಫಲನಗಳು ಅದರಲ್ಲಿ ಕಂಡವು. 2018ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ವಿಜ್ಞಾನಿಗಳು ಅವನ್ನು, ಸುಮಾರು 250 ಕೋಟಿ ವರ್ಷಗಳ ಹಿಂದೆ ಧಾರವಾಡ ಶಿಲಾಖಂಡದ ಪೂರ್ವಭಾಗವೂ ಪಶ್ಚಿಮಭಾಗವೂ ಒಂದನ್ನೊಂದು ಸಂಧಿಸಿದಾಗ ಫಲಕವೊಂದು ಕೆಳಕ್ಕೆ ಜಾರಿದ ಗುರುತೆಂದು ಅರ್ಥೈಸಿದ್ದಾರೆ. ಚಿತ್ರದುರ್ಗದ ಕೋಟೆಯನ್ನು ಹತ್ತಿದವರೆಲ್ಲ ಆ ಹಳೆಯ ಹೊಲಿಗೆಯ ಆಸುಪಾಸಿನಲ್ಲಿಯೇ ನಡೆದಾಡಿದ್ದಾರೆ.

ಆ ಹುಡುಗ ಎಸ್‌ಎಸ್‌ಎಲ್‌ಸಿ ಮುಗಿಸಿ ಊರು ಬಿಟ್ಟನೆಂದು ಕೇಳಿದ್ದೆ. ಈಗ ಅವನಿಗೂ ಮೊಮ್ಮಕ್ಕಳಿರಬೇಕು. ನಿಮ್ಮಲ್ಲಿ ಯಾರಿಗಾದರೂ ಅವನ ಸಂಪರ್ಕವಿದ್ದರೆ ಈ ಲೆಕ್ಕವನ್ನು ತಲುಪಿಸಿ. ನಮ್ಮ ನೆಲದಡಿಯ ಶಿಲೆಯಲ್ಲಿ ಅಲೆಯ ಸರಾಸರಿ ವೇಗ ಸೆಕೆಂಡಿಗೆ 6.4 ಕಿಲೋಮೀಟರು, ಮೋಹೊ 40 ಕಿಲೋಮೀಟರು ಆಳದಲ್ಲಿದೆ ಎಂದಿಟ್ಟುಕೊಳ್ಳೋಣ. ಹೋಗಿಬರಲು 80 ಕಿಲೋಮೀಟರು. ಭಾಗಿಸಿದರೆ ಹನ್ನೆರಡೂವರೆ ಸೆಕೆಂಡು. ನೆಲದೊಳಕ್ಕೆ ಕೂಗಿದರೆ ಬರುತ್ತದಪ್ಪ, ಅಷ್ಟು ಹೊತ್ತು ಕಾಯಬೇಕು. ನಾನು ಅಂದು ಅಷ್ಟು ಹೊತ್ತೂ ಕಾಯಲಿಲ್ಲ.